ಬಿಸಿಲಿಗೆ ಕಟ್ಟಿಹಾಕಿದ ಜೀವ

ಕಲಬುರಗಿ, ರಾಯಚೂರು ಸೀಮೆಯ ಜನರಿಗೆ 40 ಡಿಗ್ರಿ ದಾಟಿದ ಬಿಸಿಲು ಹೊಸದಲ್ಲ. ತಂಪಿನ ಊರೆಂದು ಹೆಸರಾಗಿದ್ದ ಬೆಂಗಳೂರಿಗೂ ಅದರ ಝಳ ಈಗ ತಟ್ಟಿದೆ. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. 2024ರ ಏಪ್ರಿಲ್‌ನಲ್ಲಿ ಪಾದರಸ ಮತ್ತೆ 38 ಡಿಗ್ರಿಯನ್ನು ಮೀರಿತು. ಬಿಸಿಗಾಳಿಯ ಮುನ್ನೆಚ್ಚರಿಕೆ ಬಂದೊಡನೆ ಮನುಷ್ಯನು ಕೆಲಸದ ವೇಳೆಯನ್ನು ಬದಲಿಸಿಕೊಳ್ಳುತ್ತಾನೆ, ನೆರಳನ್ನು ಅರಸುತ್ತಾನೆ. ಕಾಡಿನ ಪ್ರಾಣಿಯೂ ಮರದಡಿಗೆ, ಹಳ್ಳದ ದಡಕ್ಕೆ ಸರಿಯುತ್ತದೆ. ಸರಪಳಿಯ ನಾಯಿ, ಗೂಟದ ಎಮ್ಮೆ, ಪಂಜರದ ಹಕ್ಕಿಗಳಿಗೆ ಆ ಅವಕಾಶವಿಲ್ಲ. ಒಡೆಯನು ಇರಿಸಿದಲ್ಲಿಯೇ ಅವು ಇರಬೇಕು. ಬಿಸಿಲು ಪ್ರಕೃತಿಯದಾದರೂ ಹಗ್ಗ ಮನುಷ್ಯನದು. ಸಾಕುಪ್ರಾಣಿಗಳ ಬೇಸಿಗೆಯ ಬವಣೆ ಧರ್ಮದ ಪ್ರಶ್ನೆಯಾಗುವುದು ಇಲ್ಲಿಯೇ.

ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥರ ಚರಿತೆಯಲ್ಲಿ ಜನಜನಿತವಾದ ಒಂದು ಪ್ರಸಂಗವಿದೆ. ತಾಪಸನೊಬ್ಬನು ಸುತ್ತಲೂ ಬೆಂಕಿ ಹೊತ್ತಿಸಿಕೊಂಡು ಪಂಚಾಗ್ನಿ ತಪಸ್ಸಿನಲ್ಲಿ ಮುಳುಗಿರುತ್ತಾನೆ. ಉರಿಗೆ ಒಡ್ಡಿದ ಕೊರಡಿನೊಳಗೆ ಸರ್ಪಗಳೆರಡು ಬೇಯುತ್ತಿರುವುದನ್ನು ಪಾರ್ಶ್ವಕುಮಾರನು ಅವಧಿಜ್ಞಾನದಿಂದ ಅರಿತು ಎಚ್ಚರಿಸುತ್ತಾನೆ. ಆ ಜೀವಗಳೇ ಮುಂದೆ ಧರಣೇಂದ್ರ, ಪದ್ಮಾವತಿಯರಾದರೆಂಬುದು ಹೊಂಬುಜದ ಭಕ್ತರಿಗೆಲ್ಲ ಪರಿಚಿತವಾದ ಸಂಗತಿ. ತಾಪಸನಿಗೆ ಹಾವುಗಳ ಮೇಲೆ ಹಗೆಯಿರಲಿಲ್ಲ. ಉರಿ ಹಚ್ಚುವ ಮೊದಲು ಕೊರಡಿನೊಳಗೆ ಏನಿದೆಯೆಂದು ಅವನು ನೋಡಿರಲಿಲ್ಲ, ಅಷ್ಟೆ.

ನೋಡದಿರುವ ಈ ಸ್ಥಿತಿಗೆ ಜೈನ ದರ್ಶನ ಕೊಟ್ಟ ಹೆಸರು ಪ್ರಮಾದ. ಪ್ರಮಾದದಿಂದ ಕೂಡಿದ ನಡೆಯಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆಯೆಂದು ಉಮಾಸ್ವಾಮಿಯವರ ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ. ಕೊಲ್ಲುವ ಉದ್ದೇಶವಿರಲಿಲ್ಲ ಎಂಬ ಮಾತು ಈ ತಕ್ಕಡಿಯಲ್ಲಿ ಪೂರ್ಣ ಸಮಾಧಾನವಾಗಲಾರದು. ನಾಯಿಯನ್ನು ಕಾರಿನಲ್ಲಿ ಬಿಟ್ಟು ಹತ್ತು ನಿಮಿಷದ ಕೆಲಸಕ್ಕೆಂದು ಅಂಗಡಿಗೆ ಹೋಗುವವನಿಗೂ ದುರುದ್ದೇಶವಿರುವುದಿಲ್ಲ. ಆದರೆ ಹೊರಗೆ 32 ಡಿಗ್ರಿಯಿದ್ದಾಗ ಮುಚ್ಚಿದ ಕಾರಿನ ಒಳಗಿನ ತಾಪ ಅರ್ಧ ಗಂಟೆಯೊಳಗೆ 45 ಡಿಗ್ರಿಯನ್ನು ದಾಟಬಹುದು; ಗಾಜನ್ನು ಬೆರಳಗಲ ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗದು. ಮನುಷ್ಯನಂತೆ ನಾಯಿಯ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಮಾತ್ರ ಅಲ್ಪಸ್ವಲ್ಪ ಬೆವರುವ ಅದು ನಾಲಿಗೆ ಚಾಚಿ ಏದುಸಿರು ಬಿಡುವುದರಿಂದಲೇ ದೇಹವನ್ನು ತಂಪಾಗಿಸಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಬಿಸಿಯಾದಾಗ ಆ ದಾರಿಯೂ ಮುಚ್ಚುತ್ತದೆ. ದೇಹದ ತಾಪ 41 ಡಿಗ್ರಿಯನ್ನು ಮೀರಿದರೆ ಪ್ರಾಣಕ್ಕೇ ಅಪಾಯ.

ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರನ್ನು ತಡೆಯುವುದು. ಮನೆಯಲ್ಲಿ ದನಕರುಗಳಿದ್ದ ಗೃಹಸ್ಥನನ್ನು ಕಣ್ಣಮುಂದೆ ಇರಿಸಿಕೊಂಡೇ ಹೇಳಿದಂತಿರುವ ಈ ಪಟ್ಟಿ ಬೇಸಿಗೆಯಲ್ಲಿ ಹೊಸ ಅರ್ಥ ಪಡೆಯುತ್ತದೆ. ಬೆಳಿಗ್ಗೆ ನೆರಳಿದ್ದ ಜಾಗ ಮಧ್ಯಾಹ್ನ ಬಿಸಿಲಿಗೆ ಬಿದ್ದಾಗ ಗೂಟದ ಹಗ್ಗವೇ ಬಂಧವಾಗುತ್ತದೆ. ಸುಡುವ ಹೊತ್ತಿನಲ್ಲಿ ಎಂದಿನ ಹೊರೆಯೂ ಅತಿಭಾರವೇ. ಬಟ್ಟಲು ಮಗುಚಿ ನೀರು ಚೆಲ್ಲಿಹೋದದ್ದನ್ನು ಸಂಜೆಯವರೆಗೆ ಯಾರೂ ಗಮನಿಸದಿದ್ದರೆ ಅದು ಪಾನನಿರೋಧವಲ್ಲದೆ ಮತ್ತೇನು?

ದೇಶದ ಕಾನೂನು ಕೂಡ ಇದೇ ಹಾದಿಯಲ್ಲಿದೆ. ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದನ್ನೂ ತೀರಾ ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಹಾಕುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅಪರಾಧವೆಂದು ಪರಿಗಣಿಸುತ್ತದೆ. ತಾಪ 37 ಡಿಗ್ರಿಯನ್ನು ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಎತ್ತು, ಕುದುರೆ, ಕತ್ತೆಗಳನ್ನು ಗಾಡಿಗೆ ಹೂಡಬಾರದು, ಹೊರೆ ಹೊರಿಸಬಾರದೆಂದು 1965ರ ನಿಯಮಗಳು ವಿಧಿಸುತ್ತವೆ. ಆದರೆ ಆ ಕಾಯ್ದೆ ಮೊದಲ ತಪ್ಪಿಗೆ ಗೊತ್ತುಪಡಿಸಿದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ ಮಾತ್ರ. ಮನೆಯ ಹಿತ್ತಿಲಲ್ಲಿ, ತಗಡಿನ ಕೊಟ್ಟಿಗೆಯಲ್ಲಿ, ಬಹುಮಹಡಿ ಕಟ್ಟಡದ ಬಾಲ್ಕನಿಯಲ್ಲಿ ನಡೆಯುವುದು ಕಾನೂನಿನ ಕಣ್ಣಿಗೆ ಬೀಳುವುದೂ ಅಪರೂಪ. ದಂಡದ ಭಯ ತಲುಪದ ಆ ಎಡೆಯಲ್ಲಿ ಕೆಲಸ ಮಾಡಬೇಕಾದುದು ವ್ರತ.

ಹೊಣೆ ಗಾಡಿಯವನೊಬ್ಬನ ಮೇಲೆ ಹೊರಿಸಿ ಮುಗಿಸುವಂಥದ್ದೂ ಅಲ್ಲ. ದಿನದ ಕೂಲಿಗಾಗಿ ಅವನು ನಡುಮಧ್ಯಾಹ್ನ ಎತ್ತು ಹೂಡಿದರೆ, ಸರಕು ಈ ಹೊತ್ತಿಗೇ ಬರಬೇಕೆಂದು ಹಟ ಹಿಡಿದವನೂ ಅದರಲ್ಲಿ ಪಾಲುಗಾರ. ಕೃತ, ಕಾರಿತ, ಅನುಮೋದನ, ಅಂದರೆ ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಈ ಮೂರರಿಂದಲೂ ಕರ್ಮಬಂಧವುಂಟೆಂಬುದು ಜೈನಾಗಮದ ನಿಲುವು.

ಪರಿಗ್ರಹದ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಪರಿಗ್ರಹ ಪರಿಮಾಣವ್ರತದಲ್ಲಿ ಎಣಿಸುವ ‘ಧನ’ವೆಂದರೆ ಗೋವು ಮೊದಲಾದ ಪ್ರಾಣಿಗಳೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ಪ್ರಾಣಿಯನ್ನು ಇರಿಸಿಕೊಳ್ಳುವುದಕ್ಕೂ ಮಿತಿ ಬೇಕೆಂಬುದು ಇದರ ಇಂಗಿತ. ಹಿಮದ ನಾಡಿನ ಸೈಬೀರಿಯನ್ ಹಸ್ಕಿಯನ್ನೋ, ಮೊಂಡು ಮೂಗಿನಿಂದ ಉಸಿರಾಡಲೂ ಕಷ್ಟಪಡುವ ಪಗ್, ಬುಲ್‌ಡಾಗ್‌ಗಳನ್ನೋ ಅಂತಸ್ತಿನ ಗುರುತಾಗಿ ಬಯಲುಸೀಮೆಗೆ ತರುವಾಗ ಹಿಂಸೆ ಕೊಳ್ಳುವ ಕ್ಷಣದಲ್ಲಿಯೇ ಮೊದಲಾಗಿರುತ್ತದೆ. ಸಾಕಬೇಕೆನ್ನುವವನು ತನ್ನ ಆಸೆಯನ್ನು ಕೇಳುವ ಮುನ್ನ ಆ ಜೀವದ ಮೈಯನ್ನು, ತನ್ನ ಊರಿನ ಹವೆಯನ್ನು ಕೇಳಬೇಕು.

ಈಗಾಗಲೇ ಮನೆ ಸೇರಿರುವ ಜೀವಗಳ ವಿಷಯದಲ್ಲಿ ಮಾಡಬೇಕಾದುದು ಕಷ್ಟಸಾಧ್ಯವೇನಲ್ಲ. ಸೂರ್ಯನೊಂದಿಗೆ ನೆರಳು ಸರಿಯುವುದರಿಂದ ಕಟ್ಟುವ ಜಾಗವನ್ನೂ ಸರಿಸಬೇಕು. ನಾಯಿಯ ನಡಿಗೆ ಮುಂಜಾನೆ, ಇಲ್ಲವೇ ಹೊತ್ತಿಳಿದ ಮೇಲೆ ಆಗಲಿ. ಐದು ಕ್ಷಣ ಅಂಗೈ ಊರಲಾಗದ ಡಾಂಬರಿನ ಮೇಲೆ ಅದರ ಕಾಲೂ ಬೇಯುತ್ತದೆ. ಕಪ್ಪು ಮೈಯ, ಹೆಚ್ಚು ಬೆವರದ ಎಮ್ಮೆಗೆ ಮೈ ನೆನೆಸುವ ನೀರು ಬೇಕೇ ಬೇಕು. ತಗಡಿನ ಸೂರಿನ ಮೇಲೆ ತೆಂಗಿನ ಗರಿ ಹೊದಿಸಿದರೆ ಒಳಗಿನ ಕಾವು ಇಳಿಯುತ್ತದೆ. ಏದುಸಿರು ನಿಲ್ಲದೆ, ಜೊಲ್ಲು ಸುರಿಸಿ, ನಡೆಯಲಾರದೆ ತತ್ತರಿಸುವ ಪ್ರಾಣಿಯನ್ನು ತಕ್ಷಣ ನೆರಳಿಗೆ ತಂದು, ಮೈಗೆ ತಣ್ಣೀರು ಹೊಯ್ದು, ಗಾಳಿ ಬೀಸುತ್ತ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹಕ್ಕಿಗಳಿಗೆಂದು ಮಾಳಿಗೆಯ ಮೇಲಿಟ್ಟ ನೀರನ್ನು ದಿನವೂ ಬದಲಿಸಬೇಕು. ನಿಂತ ನೀರಿನಲ್ಲಿ ಹುಳು ಹುಟ್ಟಿ, ಅದನ್ನು ಚೆಲ್ಲುವಾಗ ಮತ್ತೊಂದು ಹಿಂಸೆಯಾಗದಂತೆ ನೋಡಿಕೊಳ್ಳುವುದು ನೀರನ್ನು ಸೋಸಿ ಬಳಸುವ ಶ್ರಾವಕರಿಗೆ ಹೊಸ ಪಾಠವಲ್ಲ.

ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಆಸ್ಪತ್ರೆಯೊಂದಿದೆ. 1929ರಲ್ಲಿ ಆರಂಭವಾದ ಈ ಸಂಸ್ಥೆಗೆ ಬೇಸಿಗೆ ಬಂತೆಂದರೆ ಬಾಯಾರಿ ಬಿದ್ದ ಹಕ್ಕಿಗಳನ್ನು ಜನ ಎತ್ತಿ ತರುತ್ತಾರೆ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ಜಿನೋಪದೇಶ ಅಲ್ಲಿ ಚಿಕಿತ್ಸೆಯ ರೂಪ ತಾಳಿದೆ. ಆದರೆ ಅಂಥ ಆಸ್ಪತ್ರೆ ಎಲ್ಲ ಊರುಗಳಲ್ಲೂ ಇರಲಾರದು, ಇರಬೇಕಾಗಿಯೂ ಇಲ್ಲ. ಕಾಯಿಲೆ ಬಿದ್ದ ಮೇಲೆ ತೋರುವ ಕರುಣೆಗಿಂತ ಬೀಳದಂತೆ ಕಾಯುವ ಅಪ್ರಮಾದ ದೊಡ್ಡದು. ತನ್ನ ಬಾಯಾರಿಕೆಯನ್ನು ಮಾತಿನಲ್ಲಿ ಹೇಳಲಾರದ ಜೀವವನ್ನು ಮನೆಗೆ ತಂದವನು, ದಿನಕ್ಕೆ ನಾಲ್ಕು ಸಲ ಅದರ ಬಟ್ಟಲನ್ನೂ ನೆರಳನ್ನೂ ನೋಡುವ ವ್ರತವನ್ನು ಅಂದೇ ಸ್ವೀಕರಿಸಿದ್ದಾನೆ.