ಮರದ ಪೊಟರೆಯೂ ಹಲಗೆಯ ಪೆಟ್ಟಿಗೆಯೂ

ಕೆರೆಯ ಏರಿಯ ಮೇಲೆ ಹಲಗೆಯ ಪೆಟ್ಟಿಗೆಗಳನ್ನು ಸಾಲಾಗಿ ಕಟ್ಟಿ ಕಾಡುಬಾತುಗಳಿಗೆ ಗೂಡೊದಗಿಸಬೇಕೆಂಬ ಉತ್ಸಾಹವು ನಮ್ಮ ವಿದ್ಯಾರ್ಥಿನಿಯರಲ್ಲಿ ಹುಟ್ಟಿದೆ. ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಸಾಲನ್ನು ಮಾತ್ರ ಮೆಚ್ಚಲಾರೆವು.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ನೆಲ್ಲಿನ ಗದ್ದೆಗಳ ಬಳಿಯಲ್ಲಾಗಲಿ, ದೇವದುರ್ಗದ ಕೆರೆಕುಂಟೆಗಳ ಬಳಿಯಲ್ಲಾಗಲಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿನಿಯರು ಸಂಜೆಗೆ ಶಿಳ್ಳೆ ಹಾಕುತ್ತ ಹಾರುವ ಬಾತುಗಳನ್ನು ಬಲ್ಲರು. ಅವು ಜೊಂಡಿನಲ್ಲಿಯೂ ಮರದ ಪೊಟರೆಯಲ್ಲಿಯೂ ತತ್ತಿಯಿಡುವುವು. ಆದರೆ ಕಾಟನ್ ಟೀಲ್ ಎಂಬ ಅತಿ ಚಿಕ್ಕ ಬಾತು ಪೊಟರೆಯನ್ನೇ ನಂಬಿದ ಹಕ್ಕಿ. ಮರ ಕೊರೆಯುವ ಬಲ ಅದರ ಕೊಕ್ಕಿಗಿಲ್ಲ. ಮುದಿಮರದಲ್ಲಿ ಕಾಲವೇ ಕೊರೆದಿಟ್ಟುದನ್ನು ಮಳೆಗಾಲದಲ್ಲಿ ಹುಡುಕಿಕೊಳ್ಳಬೇಕು. ಮರಿಗಳು ತಾಯಿಯ ಕರೆ ಕೇಳಿ ಅಲ್ಲಿಂದ ಧುಮುಕಿ ನೀರು ಸೇರುವುವು.

ಅಮೆರಿಕದ ವುಡ್ ಡಕ್ ಎಂಬ ಬಾತಿನದೂ ಇದೇ ಪಾಡು. ಬೇಟೆಯಿಂದಲೂ ಹಳೆಯ ಮರಗಳ ನಾಶದಿಂದಲೂ ಅದು ಅಳಿವಿನಂಚಿಗೆ ಬಂದಿತ್ತು. 1918ರಲ್ಲಿ ಬೇಟೆಗೆ ನಿಷೇಧ ಬಂದಿತು, 1930ರ ದಶಕದಿಂದ ಪೆಟ್ಟಿಗೆಗಳನ್ನಿಟ್ಟರು, ಹಕ್ಕಿ ಉಳಿಯಿತು. ಆದರೆ ನೋಡಲು ಅನುಕೂಲವೆಂದು ಬಯಲಿನಲ್ಲಿ ಒತ್ತೊತ್ತಾಗಿ ಇಟ್ಟ ಪೆಟ್ಟಿಗೆಗಳಲ್ಲಿ ಬೇರೊಂದು ತೊಡಕು ಕಂಡಿತು. ಹೊಸದಾಗಿ ತತ್ತಿಯಿಡುವ ಹೆಣ್ಣುಗಳು ಇತರ ಹೆಣ್ಣುಗಳು ಹೋದೆಡೆಗೇ ಹಿಂಬಾಲಿಸಿ ಹೋಗಿ (ನೆರೆಮನೆಯ ಬಾಗಿಲನ್ನೇ ನೋಡುವ ಚಪಲ ನಮ್ಮಲ್ಲಿ ಮಾತ್ರವಿಲ್ಲ!) ಅದೇ ಗೂಡಿನಲ್ಲಿ ತತ್ತಿಯಿಡುವುವು. ಹತ್ತು ಹನ್ನೆರಡು ಇರಬೇಕಾದಲ್ಲಿ ಮೂವತ್ತನ್ನೂ ಮೀರುವುದುಂಟು. ಒಂದು ತಾಯಿಯ ಕಾವು ಅಷ್ಟಕ್ಕೆ ಸಾಲದು. ಅನೇಕ ತತ್ತಿಗಳು ಕೆಡುವುವು, ಕೆಲವೊಮ್ಮೆ ಗೂಡನ್ನೇ ತೊರೆಯುವುದುಂಟು. ಸೆಮೆಲ್, ಶೆರ್ಮನ್, ಬೈಯರ್ಸ್ ಎಂಬ ಪಂಡಿತರು 1988ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದನ್ನು ವಿವೇಚಿಸಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಮರಗಳ ಮರೆಯಲ್ಲಿಡುವುದೇ ಲೇಸೆಂದು ಕಂಡರು. ನಮ್ಮ ಶಿಳ್ಳೆಬಾತಿನ ಬಂಧುವೊಂದು ಆ ಖಂಡದಲ್ಲಿದೆ. ಅದೂ ಪೆಟ್ಟಿಗೆಗಳಲ್ಲಿ ಹೀಗೆಯೇ ತತ್ತಿ ರಾಶಿಹಾಕುವುದು.

ಆದುದರಿಂದ ಏರಿಯ ಮೇಲೆ ಹತ್ತು ಪೆಟ್ಟಿಗೆಗಳ ಮೆರವಣಿಗೆ ಬೇಡ. ನೀರಿಗೆ ಸಮೀಪದಲ್ಲಿ, ಒಂದರಿಂದೊಂದು ಕಾಣದಷ್ಟು ದೂರದಲ್ಲಿ, ಎಲೆಗಳ ಮರೆಯಲ್ಲಿ ಎರಡು ಮೂರು ಸಾಕು. ಹಾವು ಬೆಕ್ಕುಗಳು ಹತ್ತದಂತೆ ಕೆಳಗೆ ತಗಡು ಸುತ್ತಬೇಕು. ನೋಡುವವರಿಗೆ ಇದು ಶೋಭೆಯಲ್ಲವೆಂಬುದನ್ನು ಒಪ್ಪುತ್ತೇವೆ.

ಇನ್ನು ಪೋಷಕರಲ್ಲಿ ನಮ್ಮದೊಂದು ಬೇಡಿಕೆ. ನಿಮ್ಮ ಹೊಲದ ಬದುವಿನಲ್ಲಿ, ಕೆರೆಯ ಸಮೀಪದಲ್ಲಿ, ಒಳಗೆ ಟೊಳ್ಳಾದ ಹುಣಸೆಯೋ ಮಾವೋ ಇದ್ದರೆ, ಅದನ್ನು ಸೌದೆಯವನಿಗೆ ಮಾರುವ ಮುನ್ನ ಒಂದು ಮಳೆಗಾಲ ಕಾಯಿರಿ. ಮುಂಜಾನೆ ಆ ಪೊಟರೆಯೊಳಕ್ಕೆ ಯಾರು ಹೋಗಿ ಬರುವರೆಂಬುದನ್ನು ದೂರದಿಂದ ನೋಡಲು ನಿಮ್ಮ ಹುಡುಗಿಗೆ ಹೇಳಿರಿ.