ಪ್ರಾರ್ಥನೆಯ ನುಡಿ, ನೆರೆಹೊರೆಯ ನುಡಿ

ಬೆಂಗಳೂರಿನ ಕಥೋಲಿಕ ದೇವಾಲಯಗಳಲ್ಲಿ ಭಾನುವಾರದ ಪೂಜೆಗಳ ವೇಳಾಪಟ್ಟಿಯನ್ನು ಗಮನವಿಟ್ಟು ಓದಿದವರಿಗೆ, ಅದು ಬರಿಯ ಗಂಟೆಗಳ ಪಟ್ಟಿಯಲ್ಲವೆಂಬುದು ಹೊಳೆಯದಿರದು. ಒಂದು ವೇಳೆ ಕನ್ನಡಕ್ಕೆ, ಒಂದು ತಮಿಳಿಗೆ, ಮತ್ತೊಂದು ಇಂಗ್ಲಿಷಿಗೆ. ಕೆಲವೆಡೆ ಕೊಂಕಣಿಗೆ, ಮಲೆಯಾಳಕ್ಕೆ. ಪೀಠ ಒಂದೇ, ವಿಶ್ವಾಸವೂ ಒಂದೇ. ಆದರೆ ಒಂದು ಭಾಷೆಯವರು ಹೊರಬರುವಾಗ ಇನ್ನೊಂದು ಭಾಷೆಯವರು ಒಳಹೋಗುತ್ತಾರೆ. ಯಾವ ಭಾಷೆಗೆ ಎಷ್ಟು ಸ್ಥಾನವೆಂಬ ವಿವಾದ ಅಲ್ಲಿ ದಶಕಗಳಷ್ಟು ಹಳೆಯದು. ಹೊರಗಿನವರಿಗೆ ಇದು ಭಾಷೆಯ ಜಗಳವಾಗಿಯಷ್ಟೇ ತೋರಬಹುದು. ಆದರೆ ಭಕ್ತನು ದೇವರೊಡನೆ ಆಡುವ ಮಾತಿಗೂ ನೆರೆಯವನೊಡನೆ ಆಡುವ ಮಾತಿಗೂ ಇರುವ ಸಂಬಂಧವೇನು ಎಂಬ ಪ್ರಶ್ನೆ ಅದರ ಬುಡದಲ್ಲಿದೆ.

ಶತಮಾನಗಳ ಕಾಲ ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೆಯಿತು. ಗುರುಗಳು ಪೀಠದತ್ತ ಮುಖಮಾಡಿ ಮಂತ್ರಗಳನ್ನು ಉಚ್ಚರಿಸುತ್ತಿರಲು, ಹಿಂದೆ ಮಂಡಿಯೂರಿದ ಜನರಲ್ಲಿ ಅನೇಕರು ಜಪಸರದ ಮಣಿಗಳನ್ನು ಎಣಿಸುತ್ತಿದ್ದರು. ಆ ಭಾಷೆ ಹೆಚ್ಚುಕಡಿಮೆ ಎಲ್ಲರಿಗೂ ಸಮಾನವಾಗಿ ಅಪರಿಚಿತವಾಗಿತ್ತು. ಆದುದರಿಂದ ನಮ್ಮದು, ನಿಮ್ಮದು ಎಂಬ ತಕರಾರಿಗೆ ಆಸ್ಪದವಿರಲಿಲ್ಲ. ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ, ೧೯೬೩ರ ಡಿಸೆಂಬರ್ ೪ರಂದು ಹೊರಡಿಸಿದ ಶಾಸನಪತ್ರದಿಂದ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಪ್ರಾಟೆಸ್ಟಂಟರಿಗೆ ಇದು ಹೊಸ ಬಾಗಿಲಾಗಿರಲಿಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜನರ ನುಡಿಯನ್ನು ಕಲಿತು ಬೋಧಿಸಿದರು. ೧೮೯೪ರ ಕಿಟ್ಟೆಲರ ನಿಘಂಟು ಆ ಪರಿಶ್ರಮದ ಪರಂಪರೆಗೇ ಸೇರಿದುದು.

ತಾಯ್ನುಡಿ ಪೀಠದ ಬಳಿಗೆ ಬಂದುದರಿಂದ ಆದ ಲಾಭ ಅಲ್ಪವಲ್ಲ. ನೋಡುತ್ತಿದ್ದವನು ಪಾಲುಗಾರನಾದನು, ಓದುಬರಹ ಬಾರದ ಮುದುಕಿಗೂ ಶುಭಸಂದೇಶದ ಸಾಮತಿ ತನ್ನ ಹೊಲದ ಮಾತಿನಂತೆ ಕೇಳಿಸಿತು. ಆದರೆ ಇದರೊಡನೆ ಒಂದು ತೊಡಕೂ ಹುಟ್ಟಿತು. ಲ್ಯಾಟಿನ್ ಎಲ್ಲರನ್ನೂ ಸಮಾನವಾಗಿ ದೂರವಿರಿಸಿತ್ತು. ತಾಯ್ನುಡಿಯಾದರೋ ತನ್ನವರನ್ನು ಹತ್ತಿರ ಕರೆದು, ನೆರೆಯವರನ್ನು ದೂರವಿರಿಸಿತು. ಈಗ ಈ ಬಿರುಕು ಮನೆಯೊಳಕ್ಕೂ ಬಂದಿದೆ. ಅಜ್ಜಿ ಕನ್ನಡದ ಪೂಜೆಗೆ, ಇಂಗ್ಲಿಷ್ ಶಾಲೆಯಲ್ಲಿ ಓದುವ ಮೊಮ್ಮಗ ಇಂಗ್ಲಿಷಿನ ಪೂಜೆಗೆ ಹೋಗುವ ಸಂಸಾರಗಳು ನಗರದಲ್ಲಿ ವಿರಳವಲ್ಲ. ಸಂಜೆಯ ಪ್ರಾರ್ಥನೆಗೆ ಇಬ್ಬರೂ ಒಟ್ಟಿಗೆ ಕುಳಿತಾಗ ಯಾರು ಯಾರ ಮಾತಿಗೆ ದನಿಗೂಡಿಸಬೇಕು?

ಸೆಪ್ಟೆಂಬರ್ ೮, ಮಾತೆ ಮರಿಯಳ ಜನನದ ಹಬ್ಬ, ಇಲ್ಲಿ ನಮಗೆ ದಾರಿ ತೋರೀತು. ಮಂಗಳೂರಿನ ಕಡೆಯ ಕೊಂಕಣಿ ಕಥೋಲಿಕರಿಗೆ ಅದು ಮೊಂತಿ ಹಬ್ಬ. ಮಕ್ಕಳು ಮಾತೆಗೆ ಹೂವು ಅರ್ಪಿಸುತ್ತಾರೆ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸಸ್ಯಾಹಾರದ ಊಟ ಮಾಡುತ್ತಾರೆ. ಆ ದಿನದ ಆರಾಧನೆ ಇಗರ್ಜಿಯಲ್ಲಿ ಆರಂಭವಾಗಿ ಊಟದ ಎಲೆಯ ಮುಂದೆ ಪೂರ್ಣವಾಗುತ್ತದೆ. ಅದೇ ಹಬ್ಬಕ್ಕೆ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯದಲ್ಲಿ ನಾನಾ ಭಾಷೆಗಳ, ನಾನಾ ಮತಗಳ ಜನ ಕೂಡುತ್ತಾರೆ. ಮೇಣದ ಬತ್ತಿ ಹಚ್ಚಲು ಬಂದವರನ್ನು ಅಲ್ಲಿ ಯಾರೂ ನಿಮ್ಮ ಭಾಷೆ ಯಾವುದೆಂದು ಕೇಳುವುದಿಲ್ಲ.

ಮೊದಲನೆಯದು ಮನೆಯ ಮಾತಿನ ಬಲವನ್ನೂ, ಎರಡನೆಯದು ಮಾತಿನಾಚೆಯ ಒಕ್ಕಟ್ಟನ್ನೂ ತೋರುತ್ತದೆ. ಧರ್ಮಸಭೆಗೆ ಎರಡೂ ಅಗತ್ಯ. ಪ್ರಾರ್ಥನೆಯ ನುಡಿ ಮನೆಯದಾಗಿರಲಿ. ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಶಾಲೆ, ಆಸ್ಪತ್ರೆ, ಬಡವರ ಸೇವೆ, ಊರಿನೊಡನೆಯ ವ್ಯವಹಾರ ಇವು ನಾಡಿನ ನುಡಿಯಲ್ಲಿ ನಡೆಯಲಿ. ತಲೆಮಾರುಗಳಿಂದ ಈ ನೆಲದ ಅನ್ನ ಉಂಡವರಿಗೆ ಅದು ಭಾರವಾಗಬಾರದು. ಹಬ್ಬದ ದಿನಗಳಲ್ಲಾದರೂ ಎಲ್ಲ ಭಾಷೆಯವರೂ ಒಂದೇ ಪೂಜೆಗೆ ಕೂಡಿ, ಸರದಿಯಂತೆ ವಾಚನಗಳನ್ನು ಓದುವುದು ಅಸಾಧ್ಯವೇನಲ್ಲ.

ಪಂಚಾಶತ್ತಮ ದಿನದಂದು ಪ್ರತಿಯೊಬ್ಬನೂ ಶಿಷ್ಯರ ಮಾತನ್ನು ತನ್ನ ತನ್ನ ಭಾಷೆಯಲ್ಲಿ ಕೇಳಿದನೆಂದು ಪ್ರೇಷಿತರ ಕಾರ್ಯಗಳಲ್ಲಿ ಹೇಳಿದೆ. ಭಾಷೆಯ ಹಕ್ಕಿಗಾಗಿ ವಾದಿಸುವವರು ಈ ಭಾಗವನ್ನು ನೆನೆಯುವುದು ಸಹಜ. ಆದರೆ ಅದೇ ಅಧ್ಯಾಯದ ಕೊನೆಯನ್ನೂ ಅವರು ಓದಬೇಕು. ಹಾಗೆ ಕೇಳಿ ನಂಬಿದವರು ತಮಗಿದ್ದುದನ್ನು ಹಂಚಿಕೊಂಡರು. ಮನೆಮನೆಯಲ್ಲಿ ರೊಟ್ಟಿ ಮುರಿದು ಒಟ್ಟಿಗೆ ಉಂಡರು.