ಊರಿನ ಹೆಸರಿನಲ್ಲಿ ಕೊಂಡ ವಾಹನ

ಕಳೆದ ರಾಜ್ಯೋತ್ಸವಕ್ಕೆ ಸಭಾಗೃಹ ಗೊತ್ತುಮಾಡಲು ನಾವು ಕೆಲವರು ಮುಲುಂಡಿನ ಮಿತ್ರರೊಬ್ಬರ ಮನೆಯಲ್ಲಿ ಸೇರಿದ್ದೆವು. ರೈಲು ನಿಲ್ದಾಣದಿಂದ ಐದು ನಿಮಿಷದ ದೂರದಲ್ಲಿ ಸಭಾಗೃಹವೊಂದು ಕಡಿಮೆ ಬಾಡಿಗೆಗೆ ಸಿಗುವಂತಿತ್ತು. 'ಅಲ್ಲಿ ಪಾರ್ಕಿಂಗ್ ಇದೆಯೇ?' ಎಂಬ ಪ್ರಶ್ನೆ ಬಂತು. ಇಲ್ಲವೆಂದು ತಿಳಿದೊಡನೆ ಅದರ ಮಾತು ಅಲ್ಲಿಗೇ ನಿಂತಿತು. ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಗಾಡಿ ಹಿಡಿದು ಬರುವ ನಮ್ಮ ಹಿರಿಯ ಸದಸ್ಯರು ದೂರದ ಇನ್ನೊಂದು ಸಭಾಗೃಹಕ್ಕೆ ಹೇಗೆ ತಲುಪುವರೆಂದು ಯಾರೂ ಕೇಳಲಿಲ್ಲ. ಪಾರ್ಕಿಂಗಿನ ಪ್ರಶ್ನೆ ಎತ್ತಿದವನು ನಾನು. ಆದ್ದರಿಂದ ಈ ಬರಹದ ಮೊದಲ ಆರೋಪಿಯೂ ನಾನೇ ಎಂಬುದನ್ನು ಆರಂಭದಲ್ಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

2022ರ ದಸರೆಗೆ ನಾವು ಎಸ್‌ಯುವಿಯೊಂದನ್ನು ಕೊಂಡೆವು. ಮಾರುತಿಯ ಗ್ರ್ಯಾಂಡ್ ವಿಟಾರಾ. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುವ ವಾಹನ. ಕನ್ನಡ ನೆಲದಲ್ಲಿ ಹುಟ್ಟಿ ಎಂಎಚ್ 03 ಎಂಬ ಸಂಖ್ಯಾಫಲಕ ಹೊತ್ತು ಮುಲುಂಡಿಗೆ ಬಂದ ಇದೂ ನಮ್ಮಂತೆಯೇ ಹೊರನಾಡ ಕನ್ನಡಿಗನೆಂದು ಮನೆಮಂದಿಯೆಲ್ಲ ನಕ್ಕೆವು. ಇಷ್ಟು ದೊಡ್ಡದು ಏಕೆ ಎಂದು ಕೇಳಿದವರಿಗೆಲ್ಲ ನನ್ನ ಬಳಿ ಒಂದೇ ಉತ್ತರವಿತ್ತು: 'ಊರಿಗೆ ಹೋಗಲು'. ಊರು ಕುಮಟಾ. ವೃದ್ಧ ತಾಯಿ, ಇಬ್ಬರು ಮಕ್ಕಳು, ಬರುವಾಗ ತೆಂಗಿನಕಾಯಿ, ಕುಚ್ಚಲಕ್ಕಿಯ ಚೀಲ. ಸಾಲದ ಅರ್ಜಿಯಲ್ಲಿ ಕಾರಣ ಬರೆಯುವ ಜಾಗವಿದ್ದಿದ್ದರೆ ಅಲ್ಲಿಯೂ ಊರಿನ ಹೆಸರನ್ನೇ ಬರೆಯುತ್ತಿದ್ದೆನೇನೋ.

ಈಗ ಲೆಕ್ಕ ಒಪ್ಪಿಸಬೇಕಾದ ಕಾಲ ಬಂದಿದೆ. ಮೊದಲ ಮೂರು ವರ್ಷಗಳ ಸುಮಾರು 1,100 ದಿನಗಳಲ್ಲಿ ವಾಹನ ಊರು ಕಂಡದ್ದು ಐದು ಸಲ, ಒಟ್ಟು 52 ದಿನ. ಉಳಿದ ಕಾಲವೆಲ್ಲ ಅದು ನಾಲ್ಕು ಮೀಟರಿಗೂ ಮಿಕ್ಕಿದ ತನ್ನ ಉದ್ದವನ್ನು ಚಾಚಿಕೊಂಡು ನಮ್ಮ ಕಟ್ಟಡದ ಅಂಗಳದಲ್ಲಿ ನಿಂತಿದೆ. ಅಥವಾ ಪಂಚರಸ್ತೆಯ ತರಕಾರಿ ಅಂಗಡಿಗೆ ಒಬ್ಬನನ್ನು ಹೊತ್ತು ಹೋಗಿದೆ. ವಾಹನದ ಮೇಲೆ ನನಗೆ ದೂರಿಲ್ಲ. ತಾಯಿಗೆ ನಡುರಾತ್ರಿ ಉಸಿರಾಟ ಕಷ್ಟವಾದಾಗ ಆಸ್ಪತ್ರೆ ಮುಟ್ಟಿಸಿದ್ದು ಇದೇ. ಮಂಡಿನೋವಿನ ಮುದುಕಿಯನ್ನು ಮೇಲಿನ ಬರ್ತಿಗೆ ಹತ್ತಿಸುವ ಸಂಕಟದಿಂದ ನನ್ನನ್ನು ಪಾರುಮಾಡಿದ್ದೂ ಇದೇ. ನನ್ನ ತಕರಾರಿರುವುದು, ಈ ವಾಹನದ ಒಳಗೆ ಕುಳಿತ ಮೇಲೆ ನಮಗೆ ಏನಾಯಿತು ಎಂಬುದರ ಬಗ್ಗೆ.

ಮೊದಲ ಪ್ರಯಾಣ 2022ರ ಡಿಸೆಂಬರ್ ಕೊನೆಯ ವಾರದಲ್ಲಿ. ಅದೇ ತಿಂಗಳ 6ರಂದು ಬೆಳಗಾವಿಯ ಹಿರೇಬಾಗೇವಾಡಿಯ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಗಿತ್ತು. ಹಿತೈಷಿಗಳು ಉಪಾಯ ಹೇಳಿಕೊಟ್ಟರು. ಅದರಂತೆ ಕಾಗಲ್ ದಾಟಿ ಕೊಗನೊಳ್ಳಿ ಬಂದೊಡನೆ ಹಳದಿ ಕೆಂಪು ಬಾವುಟವನ್ನು ಮುಂದಿನ ಗಾಜಿನೊಳಗೆ ಕಾಣುವಂತೆ ಇಟ್ಟೆ. ನಮ್ಮನ್ನು ಯಾರೂ ತಡೆಯಲಿಲ್ಲ. ಹಿಂದಿರುಗುವಾಗ ಗಡಿಗೆ ಮುನ್ನವೇ ಅದನ್ನು ಮಡಚಿ ಸೀಟಿನ ಕೆಳಗೆ ತುರುಕಿದೆ. 'ಅಪ್ಪ, ಬಾವುಟ ಯಾಕೆ ಅಡಗಿಸಿದೆ?' ಎಂದು ಮಗ ಕೇಳಿದ. ಪ್ರತಿ ನವೆಂಬರಿನಲ್ಲಿ ವೇದಿಕೆಯ ಮೇಲೆ ನಿಂತು ಅಸ್ಮಿತೆಯ ಬಗ್ಗೆ ಮಾತಾಡುವ ನನಗೆ ಉತ್ತರ ಹೊಳೆಯಲಿಲ್ಲ. ರೈಲಿನ ಡಬ್ಬಿಯಲ್ಲಿ ಯಾರೂ ಯಾರ ಸಂಖ್ಯಾಫಲಕವನ್ನೂ ನೋಡುವುದಿಲ್ಲ. ಬಾವುಟವನ್ನು ಹೊರತೆಗೆಯುವ, ಅಡಗಿಸುವ ಪ್ರಮೇಯವೇ ಅಲ್ಲಿ ಬರುವುದಿಲ್ಲ.

ಆ ರೈಲು ನಮಗೆ ಸುಮ್ಮನೆ ದಕ್ಕಿದ್ದಲ್ಲ. ಬಸ್ಸಿನಲ್ಲಿ ಘಟ್ಟಗಳ ತಿರುವು ಸುತ್ತಿ, ಹಣ್ಣಾಗಿ ಊರು ಸೇರುತ್ತಿದ್ದ ಕಾಲದಲ್ಲಿ ಕರಾವಳಿಗೆ ರೈಲು ಬೇಕೆಂಬ ಮನವಿಗಳಿಗೆ ನನ್ನ ತಂದೆ ಹೋಟೆಲಿನ ಗಲ್ಲೆಯಲ್ಲಿ ಕುಳಿತೇ ಸಹಿ ಹಾಕಿಸುತ್ತಿದ್ದರು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಡುವೆ ನಾಯಕರಾದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಗಳಾಗಿದ್ದಾಗ, 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಅದರ ಬಂಡವಾಳದಲ್ಲಿ ಕರ್ನಾಟಕದ ಪಾಲು 15 ಶೇಕಡ. ಇ. ಶ್ರೀಧರನ್ ಅವರ ನೇತೃತ್ವದಲ್ಲಿ 91 ಸುರಂಗಗಳನ್ನು ಕೊರೆದು, 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ಅದೇ ವರ್ಷ ಮತ್ಸ್ಯಗಂಧ ಓಡತೊಡಗಿತು. ಮುಲುಂಡಿನ ಪಕ್ಕದ ಠಾಣೆಯಲ್ಲಿ ಹತ್ತಿ ಕುಮಟಾದಲ್ಲಿ ಇಳಿಯಬಹುದೆಂಬುದು ನನ್ನ ತಂದೆಗೆ ಪವಾಡದಂತೆ ಕಂಡಿತ್ತು. ನನ್ನ ಮಗಳು ಕನ್ನಡ ಕಲಿತದ್ದು ಆ ಡಬ್ಬಿಯಲ್ಲಿ, ಅಪರಿಚಿತ ಅಜ್ಜಿಯರ ಚಕ್ಕುಲಿ ತಿನ್ನುತ್ತ, ಕಿಟಕಿಯ ಸೀಟಿಗಾಗಿ ಜಗಳವಾಡುತ್ತ. ಮಗ ಎಸ್‌ಯುವಿಯ ಹಿಂದಿನ ಸೀಟಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬೆಳೆಯುತ್ತಿದ್ದಾನೆ. ಅವನಿಗೆ ಕನ್ನಡ ಅರ್ಥವಾಗುತ್ತದೆ; ಆಡಲು ಬಾರದು.

ಹಾಗೆಂದು ರೈಲಿನ ಸ್ಥಿತಿ ಸುಖದಾಯಕವಾಗಿದೆಯೇ? ಇಲ್ಲ. ಬಹುಪಾಲು ಮಾರ್ಗ ಇಂದಿಗೂ ಒಂದೇ ಹಳಿಯದು. ಎದುರುಗಾಡಿಗಾಗಿ ಕಾಯಬೇಕು, ಹೊಸ ಗಾಡಿ ಸೇರಿಸಲು ಅವಕಾಶ ಕಡಿಮೆ, ಗಣೇಶ ಚೌತಿಗೆ ಟಿಕೆಟು ಸಿಗುವುದು ಪೂರ್ವಜನ್ಮದ ಪುಣ್ಯ. ಹಳಿ ಜೋಡಿಯಾಗಲು ನಿಗಮದಲ್ಲಿ ಹಣವಿಲ್ಲ. ಆದ್ದರಿಂದಲೇ ಅದನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸುವ ಪ್ರಸ್ತಾಪ ಬಂತು. 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರವೂ ಅದಕ್ಕೆ ಒಪ್ಪಿಗೆಯಿತ್ತಿತು. ನಮ್ಮ ಊರಿನ ದಾರಿಯ ಭವಿಷ್ಯವೇ ನಿಶ್ಚಯವಾಗುತ್ತಿರುವಾಗ ನಮ್ಮ ಸಂಘ ಪರವಾಗಿಯೋ ವಿರೋಧವಾಗಿಯೋ ಒಂದು ಗೊತ್ತುವಳಿಯನ್ನಾದರೂ ಮಾಡಿತೇ? ಗೊತ್ತುವಳಿ ಬರೆಯಬಲ್ಲ ನಾವೆಲ್ಲ ಆಗಲೇ ವಾಹನದೊಳಗೆ ಕುಳಿತು ಕಿಟಕಿ ಏರಿಸಿಕೊಂಡಿದ್ದೆವು.

ಈ ನಗರದ ಸಂಗತಿಯೂ ಹೀಗೆಯೇ. 2024ರ ಅಕ್ಟೋಬರ್ 14ರ ನಡುರಾತ್ರಿಯಿಂದ ಮುಲುಂಡ್ ಸೇರಿದಂತೆ ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಕಾರುಗಳಿಗೆ ಟೋಲ್ ಮಾಫಿಯಾಯಿತು. ಸಲಕ್ಕೆ 45 ರೂಪಾಯಿ ಉಳಿಯಿತೆಂದು ನಾನೂ ಸಿಹಿ ಹಂಚಿದೆ. ಏಳು ತಿಂಗಳು ಕಳೆಯುವುದರೊಳಗೆ ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10ಕ್ಕೆ ಏರಿತು. ಅದು ನನ್ನ ಗಮನಕ್ಕೆ ಬಂದದ್ದು ಮನೆಗೆಲಸಕ್ಕೆ ಬರುವ ಕಲಬುರ್ಗಿಯ ಹೆಂಗಸು ಸಂಬಳ ಹೆಚ್ಚಿಸಲು ಕೇಳಿದಾಗ. ಅವಳೂ ಹೊರನಾಡ ಕನ್ನಡಿಗಳೇ ಎಂಬುದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ.

'ದುಡಿದವರು ಸುಖಪಡಬಾರದೇ? ಕಾರು ಕೊಂಡರೆ ಕನ್ನಡಕ್ಕೆ ದ್ರೋಹವೇ?' ಎಂದು ಕೆಲವರು ಕೇಳುವರು. ಸುಖಪಡಲಿ. ನಾನೂ ವಾಹನವನ್ನು ಮಾರಲು ಹೊರಟಿಲ್ಲ. ತಾಯಿ ಇರುವವರೆಗೆ ಅದು ಬೇಕು. ಆದರೆ ನಮ್ಮ ಕೊರತೆ ನೀಗಿತೆಂದು ಎಲ್ಲರ ಕೊರತೆಯೂ ನೀಗಿತೆಂಬ ಭ್ರಮೆ ಬೇಡ. ಹೊರನಾಡಿನಲ್ಲಿ ನಮಗಿದ್ದ ಬಲ ಒಂದೇ: ಒಟ್ಟಾಗಿ ಕೇಳುವುದು. ಶಾಲೆ ಕೇಳಿದೆವು, ರೈಲು ಕೇಳಿದೆವು, ಸಂಘಕ್ಕೆ ಜಾಗ ಕೇಳಿದೆವು. ಒಬ್ಬೊಬ್ಬನೂ ತನ್ನ ದಾರಿಯನ್ನು ತಾನೇ ಕೊಂಡುಕೊಂಡ ದಿನ ಕೇಳುವ ಬಾಯಿ ಮುಚ್ಚಿಹೋಗುತ್ತದೆ. ಆಮೇಲೆ ಸಂಘವೆಂಬುದು ವರ್ಷಕ್ಕೊಮ್ಮೆ ವಾಹನಗಳು ಸಾಲಾಗಿ ನಿಲ್ಲುವ ಒಂದು ಅಂಗಳ ಮಾತ್ರ.

ಆದ್ದರಿಂದ ಎರಡು ಸೂಚನೆಗಳನ್ನು ಕಾರ್ಯಕಾರಿ ಸಮಿತಿಯ ಮುಂದಿಡುತ್ತೇನೆ. ಕೊಂಕಣ ಮಾರ್ಗದ ಹಳಿ ಜೋಡಿಯಾಗಬೇಕು, ಚೌತಿ ಮತ್ತು ಬೇಸಿಗೆ ರಜೆಗೆ ಕರ್ನಾಟಕ ಕರಾವಳಿಯವರೆಗೆ ಹೆಚ್ಚಿನ ಗಾಡಿಗಳು ಬೇಕೆಂಬ ಮನವಿಯನ್ನು ಸಂಘ ಸಿದ್ಧಪಡಿಸಲಿ; ಸಹಿ ಸಂಗ್ರಹದ ಕೆಲಸ ನನಗಿರಲಿ. ಮುಂದಿನ ರಾಜ್ಯೋತ್ಸವ ನಿಲ್ದಾಣದ ಬಳಿಯ ಆ ಸಭಾಗೃಹದಲ್ಲೇ ನಡೆಯಲಿ. ಪಾರ್ಕಿಂಗ್ ಇಲ್ಲವೆಂದು ಈ ಸಲ ನಾನು ಆಕ್ಷೇಪಿಸುವುದಿಲ್ಲ. ಮಗನನ್ನು ಕರೆದುಕೊಂಡು ನಡೆದೇ ಬರುತ್ತೇನೆ. ಸೀಟಿನ ಕೆಳಗಿರುವ ಬಾವುಟವೂ ಅವನ ಕೈಯಲ್ಲಿರುತ್ತದೆ.